ಎರಡನೆಯ ಹದ

ಉಕ್ಕಿನ ತುಂಡನ್ನು ಕಿವಿಗೆ ಹಿಡಿದು ಕೇಳುವ ಮನುಷ್ಯನನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಬಾಗಲಕೋಟೆಯ ಸ್ಟೇಷನ್ ಕಡೆಗಿದ್ದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಅದು. ಅವರು ಎಣ್ಣೆಯ ತೊಟ್ಟಿಯಿಂದ ತೆಗೆದ ತುಂಡೊಂದನ್ನು ಅರಿವೆಯಲ್ಲಿ ಹಿಡಿದುಕೊಂಡು, ಕಿವಿಯ ಹತ್ತಿರ ತಂದು, ಕಣ್ಣು ಮುಚ್ಚಿ ನಿಂತಿದ್ದರು.

"ಏನ್ ಹೇಳತೈತ್ರಿ ಅದು?" ಎಂದೆ.

"ಹೊಸದಾಗಿ ಬಂದಾಂವ ಭಾಳ ಮಾತಾಡ್ತಾನ ಅಂತ ಹೇಳತೈತಿ," ಎಂದರು, ಕಣ್ಣು ತೆರೆಯದೆ.

ಅವರನ್ನು ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಹೆಸರು ಬರೆಯುವ ಹಕ್ಕು ನನಗಿಲ್ಲ ಎನಿಸುತ್ತದೆ. ಅವರು ತೀರಿಕೊಂಡ ಸುದ್ದಿ ಈಚೆಗೆ ಬಾದಾಮಿಯಿಂದ ಬಂದ ಒಬ್ಬ ಸಂಬಂಧಿಕರಿಂದ ತಿಳಿಯಿತು. ಸುದ್ದಿ ಹೇಳಿದವರು ಒಂದು ಮಾತು ಸೇರಿಸಿದರು: "ಒಳ್ಳೆ ಕೆಲಸಗಾರ ಇದ್ದರಂತ, ಕಡೀಕ ಕಣ್ಣ ಕೈಕೊಟ್ಟೂವಂತ." ಬಾಗಲಕೋಟೆ, ಹುನಗುಂದದ ಹಳೆಯ ವರ್ಕ್‌ಶಾಪಿನವರನ್ನು ಕೇಳಿದರೂ ಇದೇ ಮಾತು ಹೇಳುತ್ತಾರೆ. ಅವರ ಕಣ್ಣು ಕೈಕೊಟ್ಟಿರಲಿಲ್ಲ. ಕೈಕೊಟ್ಟವನು ನಾನು. ಅದನ್ನು ಹೇಳುವುದಕ್ಕಾಗಿ ಈ ಬರಹ.

ಅವರಷ್ಟು ಹೆದರುವ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ಸಂಜೆ ಮನೆಗೆ ಹೊರಟು ಅರ್ಧ ದಾರಿ ಹೋದ ಮೇಲೆ, ಭಟ್ಟಿಯ ಸ್ವಿಚ್ಚು ಆರಿಸಿದೆನೋ ಇಲ್ಲವೋ ಎಂದು ಜೊತೆಗಿದ್ದ ನನ್ನನ್ನೂ ಕರೆದುಕೊಂಡು ತಿರುಗಿ ಬರುತ್ತಿದ್ದರು. ಬಂದು ನೋಡಿ, ಆರಿದ್ದನ್ನು ಮುಟ್ಟಿ, ಹೊರಗೆ ಹೋಗಿ, ಬೀಗ ಹಾಕುವ ಮೊದಲು ಇನ್ನೊಮ್ಮೆ ನನ್ನನ್ನು ಕಳಿಸುತ್ತಿದ್ದರು. "ಎಸ್ಸೆಲ್ಸಿ, ನೀ ನೋಡಿ ಬಾ. ನನ್ನ ಕಣ್ಣಿಗೆ ಆರಿದ್ದು ಕಾಣತೈತಿ, ಮನಸಿಗೆ ಕಾಣವಲ್ದು." ನಾನು ಎಸ್.ಎಸ್.ಎಲ್.ಸಿ. ಪಾಸಾಗಿದ್ದೆ, ವರ್ಕ್‌ಶಾಪಿನಲ್ಲಿ ಅಷ್ಟು ಓದಿದವನು ನಾನೊಬ್ಬನೇ, ಹೀಗಾಗಿ ಅದೇ ನನ್ನ ಹೆಸರಾಯಿತು. ಅರಳೆ ಅಂಗಡಿಯ ಗುಮಾಸ್ತಿಕೆ ಬಿಟ್ಟು, ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೆ ಇಲ್ಲಿಗೆ ಬಂದವನು ನಾನು. ನನ್ನನ್ನು ಯಾರಾದರೂ ಹಾಗೆ ಕರೆದಾಗ ಸಿಟ್ಟು ಬರಬೇಕಿತ್ತು. ಅವರು ಕರೆದಾಗ ಬರುತ್ತಿರಲಿಲ್ಲ.

ನಮ್ಮಲ್ಲಿ ಆಗುತ್ತಿದ್ದುದು ಡೈ, ಪಂಚುಗಳ ಕೆಲಸ. ಡೈ ಎಂದರೆ ತಗಡು ಕತ್ತರಿಸುವ ಉಕ್ಕಿನ ಅಚ್ಚು. ಪ್ರೆಸ್ಸಿನಲ್ಲಿ ಮೇಲಿನಿಂದ ಪಂಚು ಬಡಿದಾಗ, ಕೆಳಗಿನ ಡೈಯ ತೂತಿನ ಆಕಾರಕ್ಕೆ ತಗಡು ಕತ್ತರಿಸಿ ಬೀಳುತ್ತದೆ. ಅಂಥ ಉಕ್ಕನ್ನು ಭಟ್ಟಿಯಲ್ಲಿ ಕಾಯಿಸಿ ಎಣ್ಣೆಗೆ ಇಳಿಸಿ ಗಡುಸು ಮಾಡಬೇಕು. ಬರಿಯ ಗಡುಸು ಗಾಜಿನಂತೆ ಒಡೆಯುತ್ತದೆ, ಆದ್ದರಿಂದ ಮತ್ತೆ ಹಗುರವಾಗಿ ಕಾಯಿಸಿ ಹದ ಮಾಡಬೇಕು. ಈ ಕೆಲಸ ಪೂರ್ತಿ ಮಿಸ್ತ್ರಿಯವರದು. ಭಟ್ಟಿಯ ಮೇಲೆ ಕಾವು ತೋರಿಸುವ ಗಡಿಯಾರವಿತ್ತು. ಅದು ಸರಿ ತೋರಿಸುತ್ತದೆ ಎಂಬ ನಂಬಿಕೆ ಅವರಿಗಿರಲಿಲ್ಲ. ಬಾಗಿಲು ಸ್ವಲ್ಪವೇ ತೆರೆದು ಒಳಗಿನ ಬಣ್ಣ ನೋಡಿ, "ಇನ್ನ ಸಾಕು" ಎನ್ನುತ್ತಿದ್ದರು. ಅದೊಂದರಲ್ಲಿ ಮಾತ್ರ ಅವರಿಗೆ ಅಂಜಿಕೆ ಇರಲಿಲ್ಲ. ಸ್ವಿಚ್ಚಿನ ವಿಷಯದಲ್ಲಿ ನಂಬದ ತಮ್ಮ ಕಣ್ಣನ್ನು ಭಟ್ಟಿಯ ಬಣ್ಣದ ವಿಷಯದಲ್ಲಿ ಪೂರ್ತಿ ನಂಬುತ್ತಿದ್ದರು.

ನಾನು ಸೇರಿದ ಸ್ವಲ್ಪ ದಿನಕ್ಕೆ ಮಧ್ಯಾಹ್ನ ಬುತ್ತಿ ಬಿಚ್ಚಿ ಎಲ್ಲರೂ ಕುಳಿತಿದ್ದೆವು. ಗೋಡೆಯ ಹಲಗೆಯ ಮೇಲೆ ಬೇರೆ ಊರಿನಲ್ಲಿ ಹದ ಮಾಡಿಸಿ ತಂದಿದ್ದ ಒಂದು ಡೈ ಇತ್ತು. ಯಾರೂ ಮುಟ್ಟಿರಲಿಲ್ಲ. ಇದ್ದಕ್ಕಿದ್ದಂತೆ ಟಣ್ ಎಂದು ಸದ್ದಾಯಿತು. ಎದ್ದು ನೋಡಿದರೆ ಅದು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು. ನಾವೆಲ್ಲ "ಅಬಬಬಾ" ಎಂದು ನಕ್ಕೆವು. ಮಿಸ್ತ್ರಿ ರೊಟ್ಟಿಯನ್ನು ಹಾಗೇ ಮಡಿಸಿ ಬುತ್ತಿಯೊಳಗಿಟ್ಟರು.

"ನಗಬ್ಯಾಡ್ರಿ. ಇದು ಹಲಗಿ ಮ್ಯಾಲ ಒಡದೈತಿ. ಯಾರದರ ಮಾರಿ ಮುಂದ ಒಡದಿದ್ರ?"

ಮೊದಲ ದಿನ ಅವರು ಕಿವಿಗೆ ಹಿಡಿದು ಕೇಳುತ್ತಿದ್ದುದು ಇಂಥ ಸದ್ದಿಗೇ ಎಂದು ಆಗ ತಿಳಿಯಿತು. ಆ ದಿನ ನನಗೆ ಅವರು ಬಿರುಕಿನ ಕಾರಣ ಹೇಳಿದರು. ಪುಣೆಯ ಕಡೆ ಒಂದು ದೊಡ್ಡ ಕಾರಖಾನೆಯಲ್ಲಿ ಹತ್ತಾರು ವರ್ಷ ಭಟ್ಟಿಯ ಮುಂದೆ ದುಡಿದವರು ಅವರು. ಅಲ್ಲಿನ ಒಬ್ಬ ಇಂಜಿನಿಯರ್ ಸಾಹೇಬರು ಕಲಿಸಿದ ಹೆಸರನ್ನು ಮಂತ್ರದಂತೆ ಪೂರ್ತಿ ಉಚ್ಚರಿಸುತ್ತಿದ್ದರು: "ರಿಟೇನ್ಡ್ ಆಸ್ಟಿನೈಟ್." ಆಮೇಲೆ ನನ್ನ ಮುಖ ನೋಡಿ, "ನಾವು ಉಳಿಕಿ ಅನ್ನೂಣು," ಎಂದರು.

"ಪಂಚಮಿಗಿ ನಿಮ್ಮವ್ವ ಜ್ವಾಳದ ಅಳ್ಳ ಹುರಿತಾಳಿಲ್ಲೊ? ಎಲ್ಲಾ ಕಾಳೂ ಅರಳತಾವೇನು? ತಳದಾಗ ಒಂದೀಟು ಹಂಗ ಉಳಿತಾವ. ಉಕ್ಕೂ ಹಂಗ. ಎಣ್ಣಿಗೆ ಬಿದ್ದಕೂಡ್ಲೆ ಎಲ್ಲಾ ಬದಲಾಗೂದಿಲ್ಲ. ಒಂದೀಟು ಉಳದ ಬಿಡತೈತಿ. ಮೆತ್ತಗ, ಸುಮ್ಮಕ, ಒಳಗ ಕುಂತಿರತೈತಿ. ನೀ ಅದರ ಮ್ಯಾಲ ಬಡಿಯಾಕ ಹತ್ತಿದ ಮ್ಯಾಲ ಎಚ್ಚರಾಗತೈತಿ. ಬದಲಾಗ್ತಾ ಉಬ್ಬತೈತಿ. ಉಬ್ಬಾಕ ಜಾಗಾ ಎಲ್ಲೈತಿ ಒಳಗ? ಒಡೀತೈತಿ."

"ಹಂಗಾರ ಏನ್ ಮಾಡಬೇಕ್ರಿ?"

"ನಾವ ಮೊದಲ ಎಬ್ಬಿಸಬೇಕು. ಎದ್ದದ್ದನ್ನ ಹದಾ ಮಾಡಬೇಕು."

ಅವರ ಪದ್ಧತಿ ಇಷ್ಟೆ. ಎಣ್ಣೆಯಿಂದ ತೆಗೆದ ತುಂಡು ಮಣಿಕಟ್ಟಿಗೆ ತಣ್ಣಗೆ ಹತ್ತುವವರೆಗೆ ಮುಂದಿನ ಕೆಲಸವಿಲ್ಲ. ಬಿಸಿ ಉಳಿದಷ್ಟು ಉಳಿಕೆ ಹೆಚ್ಚು. ತಣ್ಣಗಾದ ಮೇಲೆ ಒಂದು ಹದ. ಮತ್ತೆ ತಣ್ಣಗಾಗಬೇಕು, ಆಮೇಲೆ ಇನ್ನೊಂದು ಹದ. ಮೊದಲ ಹದದಲ್ಲಿ ಎದ್ದ ಉಳಿಕೆ ಹೊಸದಾಗಿ ಗಾಜಿನಂತಾಗಿರುತ್ತದೆ, ಅದಕ್ಕೆ ಎರಡನೆಯ ಹದ. ನೋಡುವವರಿಗೆ ಮಾಡಿದ್ದನ್ನೇ ಮಾಡಿದಂತೆ ಕಾಣುತ್ತಿತ್ತು. ಸಾವಕಾರರು, ಅಂದರೆ ವರ್ಕ್‌ಶಾಪಿನ ಮಾಲೀಕರು, "ಮಿಸ್ತ್ರಿ ಉಂಡದ್ದ ಉಣ್ತಾನ," ಎಂದು ಚಾಷ್ಟಿ ಮಾಡುತ್ತಿದ್ದರು.

ಆದರೆ ನಮ್ಮ ಬಾಗಲಕೋಟೆಯ ಬೇಸಿಗೆಯಲ್ಲಿ ಮಣಿಕಟ್ಟಿಗೆ ಯಾವುದು ತಣ್ಣಗೆ ಹತ್ತುತ್ತದೆ? ನೆರಳಿನಲ್ಲಿಟ್ಟ ಇಕ್ಕಳ ಕೂಡ ಕೈ ಸುಡುವ ಕಾಲ. ಅದಕ್ಕೆ ಮಿಸ್ತ್ರಿ ಮಾರ್ಚ್ ಕಳೆದ ಮೇಲೆ ಐಸ್ ತರಿಸುತ್ತಿದ್ದರು. ಐಸ್ ಕ್ಯಾಂಡಿ ಮಾಡುವಲ್ಲಿಂದ ದೊಡ್ಡ ಗಡ್ಡೆ ತಂದು, ಒಡೆದು, ಹರಳುಪ್ಪು ಕಲಸಿ, ಆ ಬಕೆಟ್ಟಿನಲ್ಲಿ ಡೈ ಹುಗಿದು, ಮೇಲೆ ಗೋಣಿ ಚೀಲ ಮುಚ್ಚುತ್ತಿದ್ದರು. ಪುಣೆಯಲ್ಲಿ ಇದಕ್ಕೆ ದೊಡ್ಡ ಯಂತ್ರವೇ ಇತ್ತಂತೆ. ಇಲ್ಲಿ ಬಕೆಟ್ಟು. "ಇದು ಪೂರಾ ಮದ್ದಲ್ಲ, ಆದ್ರ ಬಿಸಲಾಗ ಬಿಡೂದಕ್ಕಿಂತ ಬೇಷಿ," ಎನ್ನುತ್ತಿದ್ದರು. ಬೀದಿಯ ಜನಕ್ಕೆ ಇದೊಂದು ತಮಾಷೆ. ಎದುರಿನ ಸೈಕಲ್ ಅಂಗಡಿಯವನು ಕೂಗುತ್ತಿದ್ದ: "ಮಿಸ್ತ್ರಿ, ನಿಮ್ಮ ಕಬ್ಬಣಕ್ಕ ಕ್ಯಾಂಡಿ ಯಾವ್ದು ಬೇಕಂತ? ಕೆಂಪೊ, ಹಳದಿಯೊ?"

"ನಿನ್ನ ತಲೀಗಿ ಹಚ್ಚಿ ಉಳದದ್ದು ಕೊಡು," ಎನ್ನುತ್ತಿದ್ದರು ಇವರು.

ಅವರು ಸಾಧು ಮನುಷ್ಯನೇನಲ್ಲ. ಸಿಟ್ಟು ಮೂಗಿನ ಮೇಲೆ. ತನಗಿಂತ ಚೆನ್ನಾಗಿ ಭಟ್ಟಿ ಬಲ್ಲವರು ಈ ಜಿಲ್ಲೆಯಲ್ಲಿಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಬೇರೆಯವರು ಹದ ಮಾಡಿದ ಕೆಲಸ ಕಂಡರೆ ಬೆರಳಲ್ಲಿ ತಟ್ಟಿ, ತುಟಿ ಸೊಟ್ಟ ಮಾಡುತ್ತಿದ್ದರು. ಬಾದಾಮಿ ಹತ್ತಿರದ ಹಳ್ಳಿಯ ಕುರಿ ಕಾಯುವ ಮನೆತನ ಅವರದು. ಪ್ರತಿ ಸೋಮವಾರ ಭಟ್ಟಿಯ ಬಾಗಿಲಿಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿಯೇ ಸ್ವಿಚ್ಚು ಹಾಕುವುದು. ಒಮ್ಮೆ ನಾನು ಮರೆತು ಮೊದಲೇ ಹಾಕಿದ್ದಕ್ಕೆ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಮಾತು ಬಿಟ್ಟರೂ, ತಮ್ಮ ಬುತ್ತಿಯ ಶೇಂಗಾ ಚಟ್ನಿಯನ್ನು ಮಾತ್ರ ಸುಮ್ಮನೆ ನನ್ನ ಕಡೆ ಸರಿಸುತ್ತಿದ್ದರು.

ಯಾರ ಮಾತನ್ನೂ ಅವರು ಪೂರ್ತಿ ನಂಬುತ್ತಿರಲಿಲ್ಲ. ಯಾರು "ಆಗೇತ್ರಿ" ಎಂದರೂ ಹೋಗಿ ನೋಡುವುದು ಅವರ ಸ್ವಭಾವ. ನಾನು ಅವರ ಕೈಕೆಳಗೆ ಐದಾರು ವರ್ಷ ಕಳೆದ ಮೇಲೆ, ನನ್ನನ್ನು ಒಬ್ಬನನ್ನೇ ನಂಬಲು ಶುರು ಮಾಡಿದರು. ಅದು ನನಗೆ ಹೆಮ್ಮೆಯಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ಹುನಗುಂದದಲ್ಲಿ ಹುಸೇನಸಾಬ ಎಂಬಾತ ಒಂದು ಪ್ರೆಸ್ ಇಟ್ಟುಕೊಂಡು ಬಾಗಿಲಿನ ಬಿಜಾಗರಿ ಮಾಡುತ್ತಿದ್ದ. ಅವನೂ ಅವನ ಹೆಂಡತಿಯೂ ಎದುರುಬದುರು ಕುಳಿತು, ಒಬ್ಬರು ತಗಡು ಒಳಗೆ ಕೊಟ್ಟರೆ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದರು. ಅವನಿಗೆ ಹೊಸ ಡೈ ಬೇಕಾಗಿತ್ತು. ಅದನ್ನು ಗಡುಸು ಮಾಡುವ ದಿನ ಬೆಳಿಗ್ಗೆ ಮಿಸ್ತ್ರಿಯೇ ಭಟ್ಟಿಯ ಬಣ್ಣ ನೋಡಿ, ಅದನ್ನು ಎಣ್ಣೆಗೆ ಇಳಿಸಿ, ತೆಗೆದು ಒರೆಸುತ್ತಿದ್ದರು. ಆಗ ಅವರ ಊರಿನಿಂದ ಒಬ್ಬ ಬಂದು ಬಾಗಿಲಲ್ಲಿ ನಿಂತ. ಮಿಸ್ತ್ರಿಯವರ ಅಕ್ಕ ತೀರಿಕೊಂಡಿದ್ದರು.

ಮಿಸ್ತ್ರಿ ಅಳಲಿಲ್ಲ. ಕೈ ತೊಳೆದುಕೊಂಡು, ಅಂಗಿ ಹಾಕಿಕೊಳ್ಳುತ್ತಾ ನನಗೆ ಹೇಳಿದರು: "ಐಸ್ ಬಂದೈತಿ. ತಣ್ಣಗಾದಕೂಡ್ಲೆ ಹುಗಿ. ತಡಾ ಮಾಡಬ್ಯಾಡ, ತಡಾ ಆದ್ರ ಉಳಿಕಿ ಹಟಾ ಹಿಡೀತೈತಿ. ಆಮ್ಯಾಲ ಎರಡು ಹದ. ಎರಡು." ಬೀದಿಯ ತಿರುವಿನ ತನಕ ಹೋಗಿ, ತಿರುಗಿ ಬಂದು ಮತ್ತೆ ಎರಡು ಬೆರಳು ತೋರಿಸಿದರು. ಅಕ್ಕ ಸತ್ತ ದಿನವೂ ಆ ಮನುಷ್ಯ ತಿರುಗಿ ಬಂದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಸಾವಕಾರರ ಮಗಳನ್ನು ನೋಡಲು ಇಳಕಲ್ಲಿನಿಂದ ಬೀಗರಾಗುವವರು ಬಂದಿಳಿದರು. ಸೀರೆ ವ್ಯಾಪಾರದ ದೊಡ್ಡ ಮನೆತನ. ಸಾವಕಾರರ ಮನೆ ವರ್ಕ್‌ಶಾಪಿನ ಹಿಂದೆಯೇ ಇತ್ತು. ಅವರು ಧೋತರ ಎತ್ತಿಕೊಂಡು ಓಡುತ್ತಾ ಬಂದರು.

"ಲೇ ಎಸ್ಸೆಲ್ಸಿ, ಐಸ್ ಐತೇನ್ಲೇ? ಬೀಗರು ಬಿಸಲಾಗ ಬೆಂದ ಬಂದಾರ. ಲಿಂಬಿ ಶರಬತ್ತ ಮಾಡಬೇಕು."

"ಅದು ಡೈ ಸಲುವಾಗಿ ತರಿಸಿದ್ದರಿ. ಮಿಸ್ತ್ರಿ ಬೈತಾರ್ರಿ."

"ಮಿಸ್ತ್ರಿಗಿ ಪಗಾರ ನಾ ಕೊಡ್ತೀನೊ, ನನಗ ಮಿಸ್ತ್ರಿ ಕೊಡ್ತಾನೊ? ಕಬ್ಬಣಕ್ಕೇನು ನೀರಡಿಕಿ ಆಗೇತೇನು? ತಗೊಂಡ ಬಾ."

ಇಲ್ಲಿಯವರೆಗೆ ತಪ್ಪು ಸಾವಕಾರರದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಐಸ್ ಒಡೆದವನು ನಾನು. ಗ್ಲಾಸುಗಳಿಗೆ ಹಾಕಿ, ತಾಟಿನಲ್ಲಿಟ್ಟುಕೊಂಡು ಹಂಚಿದವನೂ ನಾನು. "ಈ ಮನಷಾ ಚಲೋ ಅದಾನ, ಹುಷಾರದಾನ," ಎಂದು ಬೀಗರು ಹೊಗಳಿದಾಗ ಹಿಗ್ಗಿದವನೂ ನಾನೇ. ಕೊನೆಗೆ ತಾಟಿನಲ್ಲಿ ಒಂದು ಗ್ಲಾಸು ಉಳಿದಿತ್ತು. ಅಡುಗೆಮನೆಯ ಹಿಂದೆ ನಿಂತು ಕುಡಿದೆ. ಈ ಬಾಯಿಗೆ ಅಷ್ಟು ರುಚಿಯಾದದ್ದು ಯಾವುದೂ ನೆನಪಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಸೈಕಲ್ ಹತ್ತಿ ಹೋಗಿ ಇನ್ನೊಂದು ಗಡ್ಡೆ ತರಬಹುದಿತ್ತು. ಬಿಸಿಲಿತ್ತು, ಹೋಗಲಿಲ್ಲ. ಡೈ ಬೆಚ್ಚಗಿದ್ದಂತೆಯೇ ಮೊದಲನೆಯ ಹದಕ್ಕಿಟ್ಟೆ. ಅದು ಮುಗಿಯುವಷ್ಟರಲ್ಲಿ ಬೀಗರನ್ನು ಬಸ್ ಸ್ಟ್ಯಾಂಡಿಗೆ ಮುಟ್ಟಿಸಿ ಬರುವ ಕೆಲಸ ಬಂತು. ತಿರುಗಿ ಬಂದಾಗ ಹುಸೇನಸಾಬ ವರ್ಕ್‌ಶಾಪಿನ ಕಟ್ಟೆಯ ಮೇಲೆ ಕುಳಿತಿದ್ದ.

"ಅಣ್ಣಾ, ಆಗೇತಿಲ್ಲೊ? ಕಡೀ ಬಸ್ ತಪ್ಪತೈತಿ. ನಾಳಿ ಮಾಲ ಕೊಡ್ತೀನಿ ಅಂತ ಮಾತ ಕೊಟ್ಟೀನಿ."

ಎರಡನೆಯ ಹದ ಬಿಟ್ಟು, ನಾನು ಡೈಯನ್ನು ಗಡುಸು ನೋಡುವ ಯಂತ್ರದ ಮೇಲಿಟ್ಟೆ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಮುಳ್ಳಿಗೆ ಒಳಗಿನ ಉಳಿಕೆ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಮುಳ್ಳು ನಿಂತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಾಣೆ ಹಿಡಿದು, ಅರಿವೆಯಲ್ಲಿ ಸುತ್ತಿ ಕೊಟ್ಟೆ.

ಅಕ್ಕನ ದಿನಕರ್ಮ ಮುಗಿಸಿಕೊಂಡು ಮಿಸ್ತ್ರಿ ಬಂದರು. ಮುಖ ಇಳಿದಿತ್ತು. ಬಂದವರೇ ಕೇಳಿದರು.

"ಐಸಿನ್ಯಾಗ ಇಟ್ಟೆಯಿಲ್ಲೊ?"

"ಇಟ್ಟೇನ್ರಿ."

"ಎರಡೂ ಹದ?"

"ಎರಡೂ ಆಗ್ಯಾವ್ರಿ."

ನನ್ನ ಮುಖವನ್ನು ನೋಡಿದರು. ಇನ್ನೇನು ಹಿಡಿಯುತ್ತಾರೆ ಎಂದುಕೊಂಡೆ. ಹಿಡಿಯಲಿ ಎಂದೂ ಅನಿಸಿತ್ತು. ಅವರು ಉಸಿರು ಬಿಟ್ಟು ಸ್ಟೂಲಿನ ಮೇಲೆ ಕುಳಿತರು. "ಅಲ್ಲಿ ಹೆಣದ ಮುಂದ ಕುಂತಾಗೂ ನನಗ ಅದ ಚಿಂತಿ, ನೋಡು. ಆಮ್ಯಾಲ ಅನಕೊಂಡೆ, ಎಸ್ಸೆಲ್ಸಿ ಅದಾನಲ್ಲ. ನೀ ಇಟ್ಟೀನಿ ಅಂದ್ರ ಇಟ್ಟಿ." ಆ ಸಂಜೆ ಅವರು ಸ್ವಿಚ್ಚು ನೋಡಲು ತಿರುಗಿ ಬರಲಿಲ್ಲ.

ಅವರ ಅಂಜಿಕೆ ಅಂದಿನಿಂದ ನನಗೆ ಬಂತು. ರಸ್ತೆಯಲ್ಲಿ ಹುನಗುಂದದ ಬಸ್ಸು ಕಂಡರೆ ಕೆಲಸ ಬಿಟ್ಟು ನಿಂತು ನೋಡುತ್ತಿದ್ದೆ, ಯಾರಾದರೂ ಇಳಿದು ನಮ್ಮ ಕಡೆಗೇ ಬರುತ್ತಾರೇನೋ ಎಂದು. ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಬಿದ್ದ ಸದ್ದಿಗೂ ಬೆಚ್ಚುತ್ತಿದ್ದೆ. ಹುಸೇನಸಾಬ ಮತ್ತು ಅವನ ಹೆಂಡತಿ ಪ್ರೆಸ್ಸಿನ ಎರಡೂ ಕಡೆ ಮುಖ ಬಗ್ಗಿಸಿ ಕುಳಿತದ್ದು ಉಣ್ಣುವಾಗಲೂ ಕಣ್ಣೆದುರು ಬರುತ್ತಿತ್ತು.

ತಡೆಯಲಾಗದೆ ಒಂದು ರಜೆಯ ದಿನ ಹುನಗುಂದಕ್ಕೆ ಹೋದೆ. ಬಸ್ಸು ಅಮೀನಗಡ ದಾಟುವ ತನಕ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ: ಡೈಯನ್ನು ಇನ್ನೊಮ್ಮೆ ಹದ ಮಾಡಬೇಕು, ಬಿಚ್ಚಿಕೊಡು. ಅಷ್ಟು ಹೇಳಿದರೆ ಸಾಕಿತ್ತು. ಹೋಗಿ ನೋಡಿದರೆ ಪ್ರೆಸ್ಸು ಲಯ ಹಿಡಿದು ಬಡಿಯುತ್ತಿತ್ತು. ಹುಸೇನಸಾಬ ನಿಲ್ಲಿಸಿ, ಎದ್ದು ಬಂದು ನನ್ನ ಕೈ ಹಿಡಿದುಕೊಂಡ.

"ಮಿಸ್ತ್ರಿ ಕಾಕಾಗ ಸಲಾಮ್ ಹೇಳಣ್ಣ. ಮಾಲ ನೋಡು, ಹೆಂಗ ಬರಾಕತ್ತೈತಿ. ಒಂದೀಟು ಪಂಚ್ ಬಿಗಿ ಬಂದಂಗ ಆಗೇತಿ ಎರಡ ದಿನದಿಂದ, ಎಣ್ಣಿ ಹಚ್ಚೀನಿ."

ಪಂಚು ಬಿಗಿಯಾಗಿತ್ತು. ಎಂದರೆ ಡೈ ಉಬ್ಬುತ್ತಿತ್ತು. ಒಳಗಿನದು ಎಚ್ಚರಾಗುತ್ತಿತ್ತು.

ಅವನ ಹೆಂಡತಿ ಚಹಾ ತಂದಳು. ಬಿಚ್ಚಿಕೊಡು ಎಂದರೆ ಏಕೆ ಎನ್ನುತ್ತಾನೆ. ಏಕೆ ಎಂದರೆ ಹೇಳಬೇಕು. ಹೇಳಿದರೆ ಮಿಸ್ತ್ರಿಗೆ ಮುಟ್ಟುತ್ತದೆ. ನಾನು ಚಹಾ ಕುಡಿದೆ. "ಜ್ವಾಕಿ," ಎಂದೆ. ಅಷ್ಟೇ ಎಂದೆ. ಎದ್ದು ಬಂದೆ.

ಆ ವಾರ ಮುಗಿಯುವ ಮೊದಲೇ ಡೈ ಒಡೆಯಿತು. ಒಂದು ಚೂರು ಹಾರಿ ಹುಸೇನಸಾಬನ ಕೆನ್ನೆಯನ್ನು ಸೀಳಿತು. ಒಂದು ಬೆರಳಿನಷ್ಟು ಮೇಲೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು. ಸುದ್ದಿ ಬಂದಾಗ ಮಿಸ್ತ್ರಿ ನನ್ನನ್ನು ಕರೆದುಕೊಂಡೇ ಹೊರಟರು. ದವಾಖಾನೆಗೆ ಹೋಗಿ, ಹೊಲಿಗೆ ಹಾಕಿದ ಆ ಮುಖವನ್ನು ನೋಡಿ, ಹೊರಗೆ ಬಂದು ಒಂದು ಕಟ್ಟೆಗೆ ಕುಳಿತು, ಅವನ ಹೆಂಡತಿಯಿಂದ ಕೇಳಿ ತಂದಿದ್ದ ಡೈಯ ಚೂರುಗಳನ್ನು ಅರಿವೆಯ ಮೇಲೆ ಹರಡಿದರು. ಒಡೆದ ಮೈಯನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದರು. ಭಟ್ಟಿಯಲ್ಲಿ ಕಾವು ಹೆಚ್ಚಾಗಿದ್ದರೆ ಅಲ್ಲಿ ಸಕ್ಕರೆಯಂಥ ದಪ್ಪ ಕಣ ಕಾಣಬೇಕು. ಸರಿಯಿದ್ದರೆ ಬೂದಿಯಂತೆ ನುಣುಪು.

"ಕಣಾ ಸಣ್ಣ ಕಾಣತಾವಲ್ಲೊ," ಎಂದರು ಮೆಲ್ಲಗೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. "ನಿನಗ ಹೆಂಗ ಕಾಣತಾವ?"

ನನಗೂ ಬೂದಿಯಂತೆಯೇ ಕಾಣುತ್ತಿದ್ದವು. "ನನಗ ತಿಳಿವಲ್ದರಿ," ಎಂದೆ.

ಅವರು ಇನ್ನೊಂದು ಚೂರನ್ನು ಎತ್ತಿ ಬಿಸಿಲಿಗೆ ಹಿಡಿದರು. ಆಮೇಲೆ ಲೆಕ್ಕ ಮಾಡುವವರಂತೆ ಹೇಳತೊಡಗಿದರು: "ಐಸಿನ್ಯಾಗ ಇಟ್ಟೀದಿ. ಎರಡೂ ಹದ ಆಗ್ಯಾವ. ಅಷ್ಟಾದ ಮ್ಯಾಲೂ ಇಷ್ಟು ಉಳಿಕಿ ಉಳದಿತ್ತಂದ್ರ ಭಟ್ಟಿ ಕಾವ ಹೆಚ್ಚಾಗಿರಬೇಕು. ಕಾವ ಹೆಚ್ಚಾದ್ರ ಉಳಿಕಿ ಹೆಚ್ಚು. ಕಾವ ನೋಡಿದಾಂವ ನಾನು. ಅಂದ ಮ್ಯಾಲ ನನ್ನ ಕಣ್ಣ ಹೋಗ್ಯಾವ. ಈ ಕಣಾನೂ ನನಗ ಸರಿ ಕಾಣವಲ್ವು."

ಅವರ ಲೆಕ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಅವರು ಅದನ್ನು ಕಟ್ಟಿದ್ದು ನನ್ನ ಎರಡು ಸುಳ್ಳುಗಳ ಮೇಲೆ. ಕೈಯಲ್ಲಿ ಹಿಡಿದ ಉಕ್ಕು ನಿಜ ಹೇಳುತ್ತಿತ್ತು. ಅದನ್ನು ಬಿಟ್ಟು ನನ್ನನ್ನು ನಂಬಿದರು. ಆಗ ಬಾಯಿ ಬಿಡಬೇಕಿತ್ತು. ಹೆಂಡತಿ, ಮಕ್ಕಳು, ಕೆಲಸ, ಹುಸೇನಸಾಬನ ಅಣ್ಣತಮ್ಮಂದಿರು, ಪೊಲೀಸರು, ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದವು. ಬಿಡಲಿಲ್ಲ.

ಅವರು ಹುಸೇನಸಾಬನ ಮುಂದೆ ಹೋಗಿ, "ತಪ್ಪು ನಂದು," ಎಂದರು. ಬಾಗಲಕೋಟೆಗೆ ಬಂದು ಸಾವಕಾರರ ಮುಂದೆಯೂ ಹಾಗೇ ಹೇಳಿದರು. ಶರಬತ್ತಿನ ಐಸಿಗೂ ಈ ಒಡಕಿಗೂ ಸಂಬಂಧವಿದೆ ಎಂಬುದು ಸಾವಕಾರರಿಗೆ ಹೊಳೆಯಲೂ ಇಲ್ಲ. ಮಗಳ ಮದುವೆಯ ಗಡಿಬಿಡಿಯಲ್ಲಿದ್ದರು. "ವಯಸ್ಸಾತ ಬಿಡ ಮಿಸ್ತ್ರಿ," ಎಂದರು. ಮಿಸ್ತ್ರಿ ಮರುದಿನ ಬಂದು ಭಟ್ಟಿಯ ಬಾಗಿಲಿಗೆ ಕೈ ಮುಗಿದು, ತಮ್ಮ ಚರ್ಮದ ಕೈಗವಸು ನನ್ನ ಕೈಯಲ್ಲಿಟ್ಟು ಊರಿಗೆ ಹೋದರು. ಅವರ ಸ್ಟೂಲಿನ ಮೇಲೆ ನಾನು ಕುಳಿತೆ. ಪಗಾರವೂ ಹೆಚ್ಚಾಯಿತು.

ಆಮೇಲೆ ಹಲವು ವರ್ಷ ನಾನು ಬಾದಾಮಿಯ ಕಡೆ ಮುಖ ಹಾಕಲಿಲ್ಲ. ಸಂಬಂಧಿಕರ ಮದುವೆಗೆ ಕರೆದರೂ ಏನಾದರೂ ನೆಪ ಹೇಳುತ್ತಿದ್ದೆ. ಎಂಬತ್ತರ ದಶಕ ಅರ್ಧ ಕಳೆದ ಮೇಲೆ, ಎದೆನೋವಿನಿಂದ ಮಲಗಿ ಎದ್ದ ನಂತರ, ಒಂದು ಬೆಳಿಗ್ಗೆ ಬಸ್ಸು ಹತ್ತಿದೆ.

ಅವರು ಮನೆಯ ಮುಂದೆ ಹೊರಸಿನ ಮೇಲೆ ಕುಳಿತು ಹುರಿ ಹೊಸೆಯುತ್ತಿದ್ದರು. ನನ್ನನ್ನು ಕಂಡು, "ಏ, ಎಸ್ಸೆಲ್ಸಿ ಬಂದ ನೋಡ!" ಎಂದು ಒಳಗೆ ಕೂಗಿದರು. ಅವರ ಹೆಂಡತಿ ನೀರು ತಂದುಕೊಟ್ಟರು. ಅಷ್ಟರಲ್ಲಿ ಪಕ್ಕದ ಮನೆಯವನೊಬ್ಬ ಕೊಡಲಿ ಹಿಡಿದುಕೊಂಡು ಬಂದ.

"ಕಾಕಾ, ಬಾಯಿ ಮಡಚಾಕತ್ತೈತಿ. ಒಂದೀಟು ಕಾಸಿ ಕೊಡು. ನೀ ಪುಣೇದಾಗ ಮಾಡಿದಾಂವ."

"ನನ್ನ ಕಡೆ ತರಬ್ಯಾಡಂತ ಎಷ್ಟ ಸಲ ಹೇಳಬೇಕೋ ತಮ್ಮಾ? ನನ್ನ ಕಣ್ಣಿಗೆ ಬೆಂಕಿ ಬಣ್ಣ ತಿಳಿಯಂಗಿಲ್ಲ. ಹುನಗುಂದದಾಗ ಒಬ್ಬನ ಮಾರಿ ಹರದೀನಿ. ಕಮ್ಮಾರನ ಕಡೆ ಹೋಗು."

ಅವನು ಹೋದ. ಮಿಸ್ತ್ರಿ ಹುರಿಯ ಎಳೆಯನ್ನು ದೂರ ಹಿಡಿದು ನೋಡಿ, ಮತ್ತೆ ಹೊಸೆಯತೊಡಗಿದರು. ಅಷ್ಟು ಸಣ್ಣ ಎಳೆ ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ನಾನು ಹೇಳಿದೆ. ನಿಂತುಕೊಂಡೇ ಹೇಳಿದೆ. ಐಸು, ಶರಬತ್ತು, ಕುಡಿದ ಗ್ಲಾಸು, ಒಂದೇ ಹದ, ಹುನಗುಂದಕ್ಕೆ ಹೋಗಿ ಚಹಾ ಕುಡಿದು ಬಂದದ್ದು, ಯಾವುದನ್ನೂ ಬಿಡಲಿಲ್ಲ. "ನಿಮ್ಮ ಕಣ್ಣ ಸರಿ ಇದ್ದೂವ್ರಿ. ಕಣಾ ಸಣ್ಣ ಅಂತ ನೀವ ಅಂದಿದ್ದಿರಿ. ಅದು ಖರೇ ಇತ್ತು," ಎಂದೆ.

ಅವರ ಕೈ ನಿಂತಿತು. ನನ್ನ ಮುಖವನ್ನು ನೋಡಿದರು, ಅಂದು ಐಸಿನ ವಿಷಯ ಕೇಳಿದ ದಿನ ನೋಡಿದಂತೆಯೇ. ಬೈಯುತ್ತಾರೆ, ಹುರಿಯಿಂದ ಹೊಡೆಯುತ್ತಾರೆ ಎಂದು ಕಾದೆ. ಅವರ ಮುಖ ನಿಧಾನವಾಗಿ ಮೆತ್ತಗಾಯಿತು.

"ಕುಂದ್ರು," ಎಂದರು. "ಜಡ್ಡಾಗಿ ಎದ್ದೀದಿ, ಹಿಂಗೆಲ್ಲಾ ತಲೀಗಿ ಹಚ್ಚಿಕೋಬ್ಯಾಡ. ಈ ಮುದಕಂಗ ಸಮಾಧಾನ ಆಗಲೆಂತ ಬಾಗಲಕೋಟಿಂದ ಬಂದು ನಿನ್ನ ಮ್ಯಾಲ ಹಾಕ್ಕೊಳ್ಳಾಕ ಹತ್ತೀಯೇನು?"

"ಇಲ್ರಿ ಮಿಸ್ತ್ರಿ, ಬೀರಪ್ಪನಾಣಿ—"

"ಆಣಿ ಮಾಡಬ್ಯಾಡ!" ಎಂದು ಸಿಟ್ಟಾದರು. "ನನ್ನ ಸಲುವಾಗಿ ದೇವರ ಮುಂದ ಸುಳ್ಳಾಗಬ್ಯಾಡ. ನೀ ಎಂಥಾಂವ ಅಂತ ನನಗ ಗೊತ್ತೈತಿ. ನೀ ಅವತ್ತ ಇಟ್ಟೀನಿ ಅಂದಿದ್ದಿ. ಇಟ್ಟಿದ್ದಿ."

ಇನ್ನೊಮ್ಮೆ ಹೇಳಿದೆ. ಬೇಕಾದರೆ ಇಳಕಲ್ಲಿನ ಬೀಗರನ್ನೇ ಕೇಳಿರಿ ಎಂದೆ. ಅವರು ನಕ್ಕು, ನನ್ನ ತೋಳು ಹಿಡಿದು ಹೊರಸಿನ ಮೇಲೆ ಕೂರಿಸಿದರು. ಒಳಗಿನ ಕಡೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು:

"ಕೇಳಿದೇನ? ನಾ ಹೇಳತಿದ್ದೆನಲ್ಲ, ಆ ವರ್ಕ್‌ಶಾಪಿನ್ಯಾಗ ಇವನೊಬ್ಬ ಬಂಗಾರದಂಥಾ ಮನಷಾ ಅಂತ. ನನ್ನ ಪಾಪ ತಾ ಹೊರಾಕ ಬಂದಾನ. ಊಟಕ್ಕ ಇಡು, ಉಣ್ಣದ ಕಳಸಬ್ಯಾಡ."

ಆ ತಾಯಿ ತಾಟು ತಂದಿಟ್ಟರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಲೆ, ಮೇಲೆ ಬೆಣ್ಣೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ನೀವು ಬಂದದ್ದು ಭಾಳ ಚಲೋ ಆತ್ರಿ, ಯಪ್ಪಾ. ಇಷ್ಟ ದಿನದಾಗ ಇವತ್ತ ನಕ್ಕಾರ," ಎಂದರು.

ನಾನು ಉಂಡೆ. ಮಿಸ್ತ್ರಿ ಎದುರಿಗೆ ಕುಳಿತು, ಹೆಂಡತಿಗೆ ಇನ್ನೊಂದು ರೊಟ್ಟಿ ಹಾಕು ಎಂದರು.